ಪಿಯುಸಿಯ ‘ಆರ್ಟ್ಸ್’ನಲ್ಲಿ ಚಿತ್ರಕಲೆ ಇಲ್ಲ, ಹಾಗಾದರೆ ಮಗಳನ್ನು ಎಲ್ಲಿಗೆ ಸೇರಿಸುವುದು?

ಪ್ರಶ್ನೆ: ಮೇಡಂ, ನಾವು ಬ್ಯಾಡಗಿ ಕಡೆಯವರು, ಕಿರಾಣಿ ಅಂಗಡಿ ಇದೆ. ಮಗಳು ಕನ್ನಡ ಮಾಧ್ಯಮದಲ್ಲಿ ಓದಿ ಈ ಸಲ ಎಸ್ಸೆಸ್ಸೆಲ್ಸಿಯಲ್ಲಿ ಶೇ 91 ತೆಗೆದಿದ್ದಾಳೆ. ಚಿಕ್ಕಂದಿನಿಂದ ಚಿತ್ರ ಬರೆಯುತ್ತಾಳೆ. ಅಂಗಡಿಯ ಹಳೆ ಲೆಕ್ಕದ ಪುಸ್ತಕಗಳಲ್ಲಿ ಖಾಲಿ ಹಾಳೆ ಒಂದೂ ಉಳಿದಿಲ್ಲ. ಡ್ರಾಯಿಂಗ್ ಲೋಯರ್ ಪರೀಕ್ಷೆ ಪಾಸಾಗಿದೆ, ಹೈಯರ್ ಕಟ್ಟಿಲ್ಲ. ಈಗ ‘ನಾನು ಆರ್ಟಿಸ್ಟ್ ಆಗಬೇಕು, ಪಿಯುಸಿಗೆ ಆರ್ಟ್ಸ್ ತಗೋತೀನಿ’ ಅಂತ ಹಟ. ನಮ್ಮ ಮನೆಯವರಿಗೆ ಸೈನ್ಸ್ ಕೊಡಿಸುವ ಆಸೆ. ‘ಕೈಯಲ್ಲಿ ಕಲೆ ಇದ್ದರೆ ಅದಕ್ಕೆ ಕಾಲೇಜು ಯಾಕೆ, ಮನೆಯಲ್ಲೇ ಬರೀಲಿ’ ಅಂತಾರೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಮೈದುನ ‘ಡಿಸೈನ್ ಕೋರ್ಸಿಗೂ ಸೈನ್ಸೇ ಬೇಕು ಅತ್ತಿಗೆ, ಎಐ ಬಂದ ಮೇಲೆ ಚಿತ್ರ ಬರೆಯೋರನ್ನ ಯಾರು ಕೇಳ್ತಾರೆ’ ಅಂದ. ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರರು ‘ಪಿಯುಸಿ ಬಿಟ್ಟು ನೇರ ಡಿಪ್ಲೊಮಾಕ್ಕೆ ಹಾಕಿ’ ಅಂದರು. ಹುಬ್ಬಳ್ಳಿಯ ಒಂದು ಸಿಬಿಎಸ್‌ಇ ಶಾಲೆಯಲ್ಲಿ ಪೇಂಟಿಂಗ್ ಅಂತಲೇ ಸಬ್ಜೆಕ್ಟ್ ಇದೆಯಂತೆ. ಇದರ ಮೇಲೆ, ಆರ್ಟ್ ಕಾಲೇಜಿನಲ್ಲಿ ಬಟ್ಟೆ ಇಲ್ಲದವರನ್ನು ಕೂರಿಸಿ ಬರೆಸುತ್ತಾರೆ ಅಂತ ಓಣಿಯಲ್ಲಿ ಯಾರೋ ಹೇಳಿ ಮನೆಯವರ ತಲೆ ಕೆಡಿಸಿದ್ದಾರೆ. ಅಡ್ಮಿಷನ್‌ಗೆ ಹೆಚ್ಚು ದಿನ ಇಲ್ಲ. ಏನು ಮಾಡಲಿ?
— ಒಬ್ಬ ತಾಯಿ, ಹಾವೇರಿ ಜಿಲ್ಲೆ

ಉತ್ತರ:

ನಿಮ್ಮ ಮನೆಯಲ್ಲಿ ಜಗಳ ನಡೆದಿರುವುದು ಒಂದೇ ಒಂದು ಪದದ ಮೇಲೆ: ಆರ್ಟ್ಸ್. ಮಗಳು ಆ ಪದ ಕೇಳಿ ಕುಣಿಯುತ್ತಿದ್ದಾಳೆ, ಯಜಮಾನರು ಅದೇ ಪದ ಕೇಳಿ ಬೆಚ್ಚುತ್ತಿದ್ದಾರೆ. ಇಬ್ಬರೂ ಅದನ್ನು ತಪ್ಪು ತಿಳಿದುಕೊಂಡಿದ್ದಾರೆ.

ನಮ್ಮ ರಾಜ್ಯದ ಪಿಯುಸಿಯಲ್ಲಿ ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ. ಕಲಾ ವಿಭಾಗ ತೆಗೆದುಕೊಂಡರೆ ಆ ನಾಲ್ಕರ ಜಾಗಕ್ಕೆ ಬರುವುದು ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಮನಃಶಾಸ್ತ್ರ, ಐಚ್ಛಿಕ ಕನ್ನಡ, ಇಂಥವು. ಪರೀಕ್ಷೆಯ ವೇಳಾಪಟ್ಟಿ ತೆಗೆದು ನೋಡಿ, ಹಿಂದೂಸ್ತಾನಿ ಸಂಗೀತ ಇದೆ, ಗೃಹವಿಜ್ಞಾನ ಇದೆ, ಚಿತ್ರಕಲೆ ಇಲ್ಲ. ಹಾಡುವ ಮಗುವಿಗೆ ಅಲ್ಲಿರುವ ಒಂದು ಸಾಲು ಚಿತ್ರ ಬರೆಯುವ ಮಗುವಿಗೆ ಯಾಕಿಲ್ಲ ಎಂಬುದು ನನ್ನ ಹಳೆಯ ಸಿಟ್ಟು, ಅದು ಇಲ್ಲಿ ಬೇಡ. ಭೂಗೋಳದ ನಕ್ಷೆ ಬಿಟ್ಟರೆ ಕಲಾ ವಿಭಾಗದ ಹುಡುಗಿ ಎರಡು ವರ್ಷದಲ್ಲಿ ತರಗತಿಯೊಳಗೆ ಒಂದು ಗೆರೆಯನ್ನೂ ಎಳೆಯುವುದಿಲ್ಲ. ಪ್ರತಿ ವರ್ಷ ಜುಲೈ ಹೊತ್ತಿಗೆ ಇಂಥ ಒಬ್ಬಿಬ್ಬರು ನನ್ನ ಹತ್ತಿರ ಬಂದು ಕಣ್ಣೀರು ಹಾಕುತ್ತಾರೆ: ‘ಮೇಡಂ, ಡ್ರಾಯಿಂಗ್ ಪೀರಿಯಡ್ಡೇ ಇಲ್ಲ!’

ಹಾಗಾದರೆ ಚಿತ್ರಕಲೆಯ ಪದವಿಗೆ ಪಿಯುಸಿಯಲ್ಲಿ ಏನು ಓದಿರಬೇಕು? ಏನಾದರೂ ಸರಿ. ಬಿವಿಎ, ಅಂದರೆ ದೃಶ್ಯಕಲೆಯ ನಾಲ್ಕು ವರ್ಷದ ಪದವಿಗೆ ಪಿಯುಸಿ ಪಾಸಾಗಿರಬೇಕು. ವಿಜ್ಞಾನವೋ ವಾಣಿಜ್ಯವೋ ಕಲೆಯೋ ಎಂದು ಕೇಳುವುದಿಲ್ಲ. ಅದರ ಮೇಲೆ ಆಯಾ ಕಾಲೇಜಿನ ಅಭಿರುಚಿ ಪರೀಕ್ಷೆ, ಪೋರ್ಟ್‌ಫೋಲಿಯೊ, ಅಂದರೆ ಮಗು ಬರೆದ ಚಿತ್ರಗಳ ಫೈಲು ನೋಡಿ ಒಂದು ಸಂದರ್ಶನ. ನಿಮ್ಮ ಮಗಳು ಹೈಯರ್ ಕಟ್ಟಿಲ್ಲ ಎಂಬ ಚಿಂತೆಯೂ ಬೇಡ, ಪ್ರವೇಶಕ್ಕೆ ಅದು ಕಡ್ಡಾಯವಲ್ಲ. ಸಾಧ್ಯವಾದರೆ ಕಟ್ಟಿಸಿ. ಗಡಿಯಾರ ಇಟ್ಟುಕೊಂಡು ಬರೆಯುವ ರೂಢಿ ಆಗುತ್ತದೆ, ಅಷ್ಟೇ ಅದರ ಲಾಭ.

ಅಂದರೆ ನೀವು ಈ ವಾರ ಆರಿಸಬೇಕಾಗಿರುವುದು ಚಿತ್ರಕಲೆಯೋ ವಿಜ್ಞಾನವೋ ಎಂದಲ್ಲ. ಮುಂದಿನ ಎರಡು ವರ್ಷ ಮಗಳ ಕೈಯಲ್ಲಿ ದಿನಕ್ಕೆ ಎಷ್ಟು ಹೊತ್ತು ಪೆನ್ಸಿಲ್ ಇರುತ್ತದೆ ಎಂಬುದನ್ನು ಆರಿಸಬೇಕು. ಮಿಕ್ಕಿದ್ದೆಲ್ಲ ಆಮೇಲೆ.

ಇದನ್ನು ಯಾಕೆ ಇಷ್ಟು ಗಟ್ಟಿಯಾಗಿ ಹೇಳುತ್ತೇನೆಂದರೆ, ಇಪ್ಪತ್ತು ವರ್ಷಕ್ಕೂ ಮೇಲೆ ಪ್ರವೇಶ ಸಂದರ್ಶನದ ಮೇಜಿನ ಆಚೆ ಬದಿಯಲ್ಲಿ ಕುಳಿತವಳು ನಾನು. ಒಂದು ಮಗುವಿನ ಫೈಲಿಗೆ ನಮಗೆ ಸಿಗುವುದು ಐದಾರು ನಿಮಿಷ. ಹತ್ತರಲ್ಲಿ ಏಳು ಫೈಲು ಒಂದೇ ಥರ ಇರುತ್ತವೆ: ಮೊಬೈಲಿನ ಫೋಟೊ ಮೇಲೆ ಚೌಕ ಹಾಕಿ ಇಳಿಸಿದ ಸಿನಿಮಾ ನಟನ ಮುಖ, ಬೆರಳಿನಲ್ಲಿ ಉಜ್ಜಿ ಉಜ್ಜಿ ನುಣುಪು ಮಾಡಿದ ಕೆನ್ನೆ, ಒಂದು ಕಣ್ಣೀರಿನ ಹನಿ, ಆಮೇಲೆ ಒಂದು ಬುದ್ಧ, ಒಂದು ಗಣಪತಿ. ಅಷ್ಟು ತಾಳ್ಮೆಯಿಂದ ಮಾಡಿದ ಕೆಲಸ ನೋಡಿ ಅಪ್ಪ ಅಮ್ಮ ಹೆಮ್ಮೆಪಡುವುದು ಸಹಜ. ಆದರೆ ನಮಗೆ ಅದರಿಂದ ತಿಳಿಯುವುದು ಮಗುವಿಗೆ ತಾಳ್ಮೆ ಇದೆ ಎಂದು ಮಾತ್ರ. ನೋಡುವ ಕಣ್ಣಿದೆಯೇ ಎಂದು ತಿಳಿಯುವುದಿಲ್ಲ, ಯಾಕೆಂದರೆ ನೋಡುವ ಕೆಲಸವನ್ನು ಕ್ಯಾಮೆರಾ ಆಗಲೇ ಮಾಡಿಬಿಟ್ಟಿದೆ.

ಒಮ್ಮೆ ಒಬ್ಬ ಹುಡುಗ ಬಂದ. ಪಿಯುಸಿಯಲ್ಲಿ ವಿಜ್ಞಾನದ ಪಿಸಿಎಂಬಿ, ಜೊತೆಗೆ ಸಿಇಟಿ–ನೀಟ್ ಕೋಚಿಂಗ್, ಬೆಳಗ್ಗೆ ಆರೂವರೆಯಿಂದ ರಾತ್ರಿ ಎಂಟರ ತನಕ. ಅವನ ಫೈಲಿನಲ್ಲಿ ಒಳ್ಳೊಳ್ಳೆ ಚಿತ್ರಗಳಿದ್ದವು. ಕೊನೆಯದರ ಕೆಳಗಿದ್ದ ತಾರೀಖು ಅವನು ಹತ್ತನೇ ತರಗತಿಯಲ್ಲಿದ್ದಾಗಿನದು. ಎರಡು ವರ್ಷ ಕೈ ನಿಂತಿತ್ತು, ಪರೀಕ್ಷೆಯ ಹಾಳೆಯಲ್ಲಿ ಅದು ಎದ್ದು ಕಾಣುತ್ತಿತ್ತು. ಅದೇ ದಿನ ಕಾಮರ್ಸ್ ಓದಿದ ಹುಡುಗಿಯೊಬ್ಬಳು ಬಂದಳು. ಅಪ್ಪ ದರ್ಜಿ. ಒಂದೇ ಹೊಲಿಗೆ ಯಂತ್ರವನ್ನು ನಲವತ್ತು ಸಲ ಬರೆದಿದ್ದಳು: ಮೇಲಿನಿಂದ, ಪೆಡಲ್ಲಿನ ಹತ್ತಿರ ಕೂತು, ಕರೆಂಟು ಹೋದಾಗ ಮೇಣದಬತ್ತಿಯಲ್ಲಿ. ಮೊದಲ ಹತ್ತು ಕೆಟ್ಟದಾಗಿದ್ದವು. ಅವನ್ನು ಹರಿದು ಹಾಕದೆ ತಂದಿದ್ದಳಲ್ಲ, ನಮಗೆ ಬೇಕಾಗಿದ್ದದ್ದು ಅದೇ.

ನಿಮ್ಮ ಯಜಮಾನರ ಮಾತಿಗೆ ಬರುತ್ತೇನೆ: ಕೈಯಲ್ಲಿ ಕಲೆ ಇದ್ದರೆ ಕಾಲೇಜು ಯಾಕೆ? ಅವರಿಗೆ ಒಂದು ಸಣ್ಣ ಪ್ರಯೋಗ ತೋರಿಸಿ. ಮನೆಯ ಸ್ಟೀಲಿನ ಚೊಂಬನ್ನು ನೆಲದ ಮೇಲಿಟ್ಟು, ಮೂರು ಅಡಿ ದೂರ ಕೂತು, ಮಗಳಿಗೆ ಬರೆಯಲು ಹೇಳಿ. ಬಾಯಿಯನ್ನು ಮೊಟ್ಟೆಯಾಕಾರದಲ್ಲಿ ಚೆನ್ನಾಗಿಯೇ ಬರೆಯುತ್ತಾಳೆ. ತಳಕ್ಕೆ ಬಂದಾಗ ಬಹುಪಾಲು ಮಕ್ಕಳು ಒಂದು ನೇರ ಗೆರೆ ಎಳೆದುಬಿಡುತ್ತಾರೆ. ಯಾಕೆ? ಚೊಂಬು ನೆಲದ ಮೇಲೆ ಸಮನಾಗಿ ಕೂತಿದೆ ಎಂದು ಬುದ್ಧಿಗೆ ಗೊತ್ತು. ಬುದ್ಧಿಗೆ ಗೊತ್ತಿರುವುದನ್ನು ಕೈ ಬರೆಯುತ್ತದೆ, ಕಣ್ಣಿಗೆ ಕಾಣುತ್ತಿರುವುದನ್ನಲ್ಲ. ಕಣ್ಣಿಟ್ಟು ನೋಡಿದರೆ ತಳವೂ ಬಾಗಿದೆ. ಅಷ್ಟೇ ಅಲ್ಲ, ಬಾಯಿಗಿಂತ ತಳದ ಬಾಗು ಹೆಚ್ಚು, ಯಾಕೆಂದರೆ ಅದು ನಮ್ಮ ಕಣ್ಣಿನ ಮಟ್ಟದಿಂದ ಇನ್ನೂ ಕೆಳಗಿದೆ. ಸ್ಟೀಲಿನ ಹೊಟ್ಟೆಯಲ್ಲಿ ಬಾಗಿಲು, ಕಿಟಕಿ, ಬರೆಯುತ್ತಿರುವ ಹುಡುಗಿಯೇ ಸೊಟ್ಟಗೆ ಕಾಣುತ್ತಿರುತ್ತಾರೆ. ಮಕ್ಕಳು ಅದನ್ನೆಲ್ಲ ಬಿಟ್ಟು ಬರೀ ಬೂದು ಬಣ್ಣ ಉಜ್ಜುತ್ತಾರೆ. ಈ ತಪ್ಪನ್ನು ಪಕ್ಕದಲ್ಲಿ ಕೂತು ಬೆರಳಿಟ್ಟು ತೋರಿಸುವವರು ಬೇಕು. ಇಂಥ ನೂರಾರು ಚೊಂಬುಗಳನ್ನು ದಾಟಿಸುವುದಕ್ಕೇ ಕಲಾಶಾಲೆ ಇರುವುದು.

ಹುಟ್ಟಿನಿಂದ ಬರುವ ಕಲೆಯ ಬಗ್ಗೆ ಇನ್ನೂ ವಾದ ಮಾಡಿದರೆ ಕಲಾವಿದ ಕೆ. ವೆಂಕಟಪ್ಪನವರ ಹೆಸರು ಹೇಳಿ. 1886ರಲ್ಲಿ ಹುಟ್ಟಿದ್ದೇ ಚಿತ್ರಗಾರರ ಮನೆತನದಲ್ಲಿ. ಅಂಥವರನ್ನೂ ಮೈಸೂರು ಅರಮನೆ ಕಲ್ಕತ್ತೆಗೆ ಕಳಿಸಿತು, ಅವನೀಂದ್ರನಾಥ ಟ್ಯಾಗೋರರ ಕೈಕೆಳಗೆ ವರ್ಷಗಟ್ಟಲೆ ಕಲಿತರು. ಉಡುಪಿ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ಮುಂಬೈಯ ಜೆ.ಜೆ. ಕಲಾಶಾಲೆಗೆ ಹೋದರು. ಕೈಯಲ್ಲಿ ಕಲೆ ಇದ್ದವರೇ ಕಲಿಯಲು ಹೋದದ್ದು.

ಇನ್ನು ನಿಮ್ಮ ಮುಂದಿರುವ ದಾರಿಗಳು. ಒಂದೊಂದಕ್ಕೂ ಒಂದು ಬೆಲೆ ಇದೆ.

ವಿಜ್ಞಾನದಿಂದ ಶುರು ಮಾಡೋಣ, ಮನೆಯಲ್ಲಿ ಒತ್ತಡ ಇರುವುದು ಅದಕ್ಕೆ. ನಿಮ್ಮ ಮೈದುನ ಹೇಳಿದ್ದು ಡಿಸೈನ್ ವಿಷಯದಲ್ಲಿ ಸರಿಯಲ್ಲ. ಅಹಮದಾಬಾದಿನ ಡಿಸೈನ್ ಸಂಸ್ಥೆ ಎನ್‌ಐಡಿಯಾಗಲಿ, ಫ್ಯಾಷನ್ ಸಂಸ್ಥೆ ಎನ್‌ಐಎಫ್‌ಟಿಯಾಗಲಿ, ಐಐಟಿಗಳ ಬಿ.ಡಿಸ್ ಎಂಬ ಡಿಸೈನ್ ಪದವಿಗೆ ನಡೆಯುವ ಯೂಸೀಡ್ ಪರೀಕ್ಷೆಯಾಗಲಿ, ಪಿಯುಸಿಯಲ್ಲಿ ಯಾವ ವಿಭಾಗ ಓದಿದವರೂ ಬರೆಯಬಹುದು. ಅವರ ಮಾತು ನಿಜವಾಗುವುದು ಆರ್ಕಿಟೆಕ್ಚರ್‌ಗೆ. ಅದರ ಪದವಿ ಬಿ.ಆರ್ಕ್‌ಗೆ ಗಣಿತ, ಭೌತಶಾಸ್ತ್ರ ಬೇಕೇ ಬೇಕು, ಜೊತೆಗೆ ನಾಟಾದಂಥ ಪ್ರವೇಶ ಪರೀಕ್ಷೆ. ಹಾಗಾಗಿ ಮಗಳನ್ನು ಒಂದೇ ಪ್ರಶ್ನೆ ಕೇಳಿ: ‘ಕಟ್ಟಡದ ಕಡೆ ಮನಸ್ಸಿದೆಯಾ? ಗಣಿತ ಇಷ್ಟವಾ?’ ಎರಡಕ್ಕೂ ತಾನಾಗಿ ಹೌದು ಅಂದರೆ ಜೀವಶಾಸ್ತ್ರದ ಬದಲು ಕಂಪ್ಯೂಟರ್ ಇರುವ ಪಿಸಿಎಂಸಿ ಕೊಡಿಸಿ, ಆದರೆ ಕೋಚಿಂಗ್ ಅಂಟಿಸದ ಮಾಮೂಲಿ ಕಾಲೇಜಿನಲ್ಲಿ. ಶೇ 91 ಬಂದಿದೆ, ಸೀಟು ಹಾಳಾಗಬಾರದು ಅನ್ನುವ ಕಾರಣಕ್ಕೆ ಮಾತ್ರ ವಿಜ್ಞಾನ ಕೊಡಿಸುವುದಾದರೆ, ಕನ್ನಡ ಮಾಧ್ಯಮದಿಂದ ಇಂಗ್ಲಿಷಿಗೆ ಹಾರಿ ನಾಲ್ಕು ಭಾರದ ವಿಷಯ ಹೊರುವುದರಲ್ಲೇ ಮೊದಲ ವರ್ಷ ಮುಗಿಯುತ್ತದೆ. ಅವಳು ಫೇಲಾಗುವ ಹುಡುಗಿಯಲ್ಲ. ಬರೆಯುವುದನ್ನು ನಿಲ್ಲಿಸಿಬಿಡುತ್ತಾಳೆ, ನನ್ನ ಭಯ ಅದು.

ಸಿಬಿಎಸ್‌ಇ ದಾರಿ ಕಾಗದದ ಮೇಲೆ ಎಲ್ಲಕ್ಕಿಂತ ಚೆಂದ. ಅಲ್ಲಿ ಪೇಂಟಿಂಗ್, ಗ್ರಾಫಿಕ್ಸ್, ಶಿಲ್ಪ, ಕಮರ್ಷಿಯಲ್ ಆರ್ಟ್ ಎಂಬ ನಾಲ್ಕರಲ್ಲಿ ಒಂದನ್ನು ಪೂರ್ಣ ವಿಷಯವಾಗಿ ಓದಬಹುದು. ಪೇಂಟಿಂಗ್‌ಗೆ ಥಿಯರಿ 30, ಪ್ರಾಕ್ಟಿಕಲ್ 70 ಅಂಕ. ಹನ್ನೆರಡನೇ ತರಗತಿಯ ಆ ಎಪ್ಪತ್ತರಲ್ಲಿ ವಸ್ತು ಮತ್ತು ನಿಸರ್ಗ ಚಿತ್ರಣಕ್ಕೆ 25, ಸಂಯೋಜನೆಗೆ 25, ವರ್ಷವಿಡೀ ಮಾಡಿದ ಪೋರ್ಟ್‌ಫೋಲಿಯೊಗೆ 20. ಚೆನ್ನಾಗಿ ಕಲಿಸಿದರೆ ಬಿವಿಎ ಪ್ರವೇಶ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ತಯಾರಿ ಇಲ್ಲ. ‘ಚೆನ್ನಾಗಿ ಕಲಿಸಿದರೆ’ ಎಂಬ ಮಾತಿಗೆ ಒತ್ತು ಕೊಡಿ. ಪಟ್ಟಿಯಲ್ಲಿ ವಿಷಯ ಇದ್ದು, ಕಲಿಸುವ ಮೇಷ್ಟ್ರು ವಾರಕ್ಕೊಮ್ಮೆ ಬಂದು ಹೋಗುವ ಶಾಲೆಗಳನ್ನೂ ನಾನು ನೋಡಿದ್ದೇನೆ. ಹುಬ್ಬಳ್ಳಿಗೆ ಹೋಗಿ ಆಫೀಸಿನಲ್ಲಿ ಕೇಳಬೇಡಿ, ಕಲಾ ಕೊಠಡಿ ತೋರಿಸಿ ಅನ್ನಿ. ಗೋಡೆಯ ಮೇಲಿನ ಚಿತ್ರಗಳು ಈ ವರ್ಷದವೋ, ಬಣ್ಣ ಮಾಸಿದ ಹಳೆಯವೋ? ನಲ್ಲಿ, ಸಿಂಕು ಇದೆಯೋ? ಮೇಜಿನ ಮೇಲೆ ಬಣ್ಣದ ಕಲೆ ಇದೆಯೋ? ಕಲೆಯಿಲ್ಲದ ಮೇಜು ಕಂಡರೆ ಅನುಮಾನಪಡಿ. ಇದರ ಮೇಲೆ ಹಾಸ್ಟೆಲ್ ಖರ್ಚು, ಮಾಧ್ಯಮದ ಬದಲಾವಣೆ, ಬೋರ್ಡಿನ ಬದಲಾವಣೆ. ನಿಮ್ಮ ಊರಿನಿಂದ ದಿನಾ ಓಡಾಡುವ ದೂರ ಅಲ್ಲ ಅದು. ಇದೇ ಶಾಲೆ ನಿಮ್ಮ ಪಕ್ಕದ ಬೀದಿಯಲ್ಲಿದ್ದಿದ್ದರೆ ಕಣ್ಣು ಮುಚ್ಚಿ ಸೇರಿಸಿ ಅನ್ನುತ್ತಿದ್ದೆ. ಹದಿನಾರರ ಹುಡುಗಿಯನ್ನು ಒಂದು ವಿಷಯದ ಸಲುವಾಗಿ ಮನೆ ಬಿಡಿಸಿ, ಅಷ್ಟು ದುಡ್ಡು ಸುರಿಯುವುದು ನನಗೆ ಸರಿ ಕಾಣುವುದಿಲ್ಲ. ಅದೇ ದುಡ್ಡು ನಾಲ್ಕು ವರ್ಷದ ಪದವಿಗೆ ಬೇಕಾಗುತ್ತದೆ.

ಅವಳು ಆ ಶಾಲೆಗೆ ಸೇರದಿದ್ದರೂ ಅಲ್ಲಿ ಓದುವ ಕಲೆಯ ಪಠ್ಯಪುಸ್ತಕ ಮಾತ್ರ ಬಿಡಬೇಡಿ. ಭಾರತೀಯ ಕಲೆಯ ಪರಿಚಯದ ಎರಡು ಭಾಗಗಳನ್ನು ಎನ್‌ಸಿಇಆರ್‌ಟಿ ಜಾಲತಾಣದಲ್ಲಿ ಪುಕ್ಕಟೆ ಇಟ್ಟಿದೆ. ಹನ್ನೊಂದನೇ ತರಗತಿಯದರಲ್ಲಿ ಬಾದಾಮಿಯ ಭಿತ್ತಿಚಿತ್ರಗಳು ಬರುತ್ತವೆ, ಹನ್ನೆರಡನೆಯದರಲ್ಲಿ ದಖನಿ ಚಿತ್ರಗಳು, ಅವುಗಳಲ್ಲಿ ನಮ್ಮ ವಿಜಯಪುರದ ಆದಿಲ್‌ಶಾಹಿಗಳ ಕಾಲದವೂ ಇವೆ. ದೆಹಲಿಯ ಮಕ್ಕಳು ಫೋಟೊದಲ್ಲಿ ನೋಡುವ ಬಾದಾಮಿಯನ್ನು ನಿಮ್ಮ ಮಗಳು ಬಸ್ಸು ಹತ್ತಿ ಹೋಗಿ ನೋಡಬಹುದು.

ಡ್ರಾಯಿಂಗ್ ಮಾಸ್ತರರ ಸಲಹೆಯ ಹಿಂದೆ ಪ್ರೀತಿ ಇದೆ, ಅವರ ಕಾಲದ ಅನುಭವವೂ ಇದೆ. ಉತ್ತರ ಕರ್ನಾಟಕದ ಎಷ್ಟೋ ಹಿರಿಯ ಕಲಾವಿದರು ಮೆಟ್ರಿಕ್ ಮುಗಿಸಿ ನೇರ ಕಲಾಶಾಲೆಗೆ ಹೋದವರೇ. ಧಾರವಾಡದಲ್ಲಿ ಡಿ.ವಿ. ಹಾಲಭಾವಿ, ಗದಗದಲ್ಲಿ ಟಿ.ಪಿ. ಅಕ್ಕಿ ಅಂಥವರು ಕಟ್ಟಿದ ಶಾಲೆಗಳು ಬಡ ಮನೆಯ ಮಕ್ಕಳ ಕೈಗೆ ಕುಂಚ ಕೊಟ್ಟವು. ಬೆಂಗಳೂರಿಗೆ ಬಂದರೆ ಬಾದಾಮಿಯ ಆರ್.ಎಂ. ಹಡಪದ ಅವರ ಕೆನ್ ಶಾಲೆ ಇತ್ತು. ಆದರೆ ಇವತ್ತು ಪಿಯುಸಿ ಇಲ್ಲದೆ ಹದಿನಾರಕ್ಕೆ ಡಿಪ್ಲೊಮಾಕ್ಕೆ ಸೇರಿಸಿದರೆ ಒಂದು ಅಪಾಯ ಇದೆ. ಹತ್ತೊಂಬತ್ತಕ್ಕೆ ಅವಳ ಮನಸ್ಸು ಬದಲಾದರೆ ಹಿಂದಿರುಗುವ ದಾರಿ ಕಿರಿದು. ಪಿಯುಸಿ ಕೇಳುವ ಕೋರ್ಸು, ನೌಕರಿ ಎಲ್ಲದರ ಮುಂದೆ ಆ ಡಿಪ್ಲೊಮಾವನ್ನು ಸಮ ಎಂದು ಒಪ್ಪುತ್ತಾರೋ ಇಲ್ಲವೋ ಎಂದು ಅಲೆಯಬೇಕು. ಸೇರಿಸಲೇಬೇಕು ಅನ್ನಿಸಿದರೆ ಎರಡು ಕಾಗದ ಕೈಗೆ ಬರುವ ತನಕ ಫೀಸು ಕಟ್ಟಬೇಡಿ: ಪ್ರಮಾಣಪತ್ರ ಕೊಡುವವರು ಯಾರು ಎಂಬುದು, ಮತ್ತು ಅವಳು ಮುಂದೆ ಸೇರಬೇಕೆಂದಿರುವ ಬಿವಿಎ ಕಾಲೇಜು ಅದನ್ನು ಪಿಯುಸಿಗೆ ಬದಲು ಒಪ್ಪುತ್ತದೆ ಎಂಬುದು. ಬಾಯಿಮಾತು ನಡೆಯುವುದಿಲ್ಲ. ನಾನು ಪಾಠ ಮಾಡಿದ ಒಬ್ಬ ಹುಡುಗ ಇದರಲ್ಲೇ ಸಿಕ್ಕಿಹಾಕಿಕೊಂಡು ಇಪ್ಪತ್ತೆರಡಕ್ಕೆ ಖಾಸಗಿಯಾಗಿ ಪಿಯುಸಿ ಕಟ್ಟಬೇಕಾಯಿತು.

ಕಲೆ ಎಂದರೆ ಕಲ್ಲು, ಮರದ ಕೆಲಸ ಎಂದೇ ಮನಸ್ಸಿರುವ ಮಕ್ಕಳ ಲೆಕ್ಕ ಬೇರೆ. ಕಾರ್ಕಳದ ಬಳಿ ಮಿಯಾರಿನಲ್ಲಿ ಸಿ.ಇ. ಕಾಮತ್ ಹೆಸರಿನ ಕುಶಲಕರ್ಮಿಗಳ ಸಂಸ್ಥೆ ಇದೆ. ಅಲ್ಲಿ ಕಲ್ಲು, ಮರ, ಲೋಹ ಕೈಯಲ್ಲಿ ಹಿಡಿದೇ ಕಲಿಯುವುದು. ನಿಮ್ಮ ಪತ್ರದಲ್ಲಿ ಅಂಥ ಸುಳಿವು ಇಲ್ಲ, ಆದರೂ ಓದುವವರಲ್ಲಿ ಯಾರಿಗಾದರೂ ಬೇಕಾದೀತು.

ಪೇಂಟಿಂಗ್ ಒಂದು ವಿಷಯವಾಗಿ ಬೇಕು, ಶಾಲೆಗೆ ದಿನಾ ಹೋಗಲಾಗದು ಎನ್ನುವವರಿಗೆ ರಾಷ್ಟ್ರೀಯ ಮುಕ್ತ ಶಾಲೆ, ಅಂದರೆ ಎನ್‌ಐಒಎಸ್ ಇದೆ. ಹನ್ನೆರಡನೇ ತರಗತಿಗೂ ಅಲ್ಲಿ ಪೇಂಟಿಂಗ್ ಸಿಗುತ್ತದೆ. ಶಿಸ್ತಾಗಿ ಕಾಲೇಜಿಗೆ ಹೋಗಬಲ್ಲ ನಿಮ್ಮ ಮಗಳಿಗೆ ಅದು ಬೇಕಿಲ್ಲ.

ನನ್ನನ್ನೇ ಕೇಳಿದರೆ? ನಿಮ್ಮ ತಾಲ್ಲೂಕಿನದೇ ಪಿಯು ಕಾಲೇಜು. ಇತಿಹಾಸ ಇರುವ ಕಲಾ ವಿಭಾಗ, ಅಥವಾ ಮನೆಯಲ್ಲಿ ವ್ಯಾಪಾರ ಇರುವುದರಿಂದ ಕಾಮರ್ಸ್. ಕಾಮರ್ಸ್ ಅಂದಾಗ ಮಗಳು ಮುಖ ಸಿಂಡರಿಸಬಹುದು. ಆದರೆ ಚಿತ್ರ ಬರೆದು ಬದುಕುವವರು ಬಿಲ್ಲು, ಜಿಎಸ್‌ಟಿ, ಅಡ್ವಾನ್ಸು, ಬಾಕಿ ವಸೂಲಿ ಎಂದು ಒದ್ದಾಡುವುದನ್ನು ನೋಡಿ ನೋಡಿ ನನಗೆ ಅನ್ನಿಸಿದ್ದು ಇದು: ಅಕೌಂಟೆನ್ಸಿ ಗೊತ್ತಿರುವ ಕಲಾವಿದೆಗೆ ಯಾರೂ ಸುಲಭವಾಗಿ ಟೋಪಿ ಹಾಕಲಾರರು. ಮನೆಯಲ್ಲಿ ಅಪ್ಪನ ಪ್ರತಿಷ್ಠೆಗೂ ಮಗಳ ಹಟಕ್ಕೂ ಇದು ನಡುದಾರಿಯಾದೀತು. ಕಾಲೇಜು ಮಧ್ಯಾಹ್ನ ಬಿಡುವಂಥದ್ದಾಗಲಿ. ಹಾಜರಾತಿ ಶೇ 75ಕ್ಕಿಂತ ಇಳಿಯದಿರಲಿ. ದಿನಕ್ಕೆ ಎರಡು ಗಂಟೆ ಚಿತ್ರ, ಭಾನುವಾರ ಹೊರಗಡೆ ಸ್ಕೆಚ್. ಆ ಮಾಸ್ತರರಿಗೇ ವಾರಕ್ಕೆರಡು ಸಲ ತಿದ್ದಿಕೊಡಲು ಕೇಳಿಕೊಳ್ಳಿ, ಖುಷಿಯಿಂದ ಒಪ್ಪುತ್ತಾರೆ.

ಖರ್ಚು ನೀವು ಅಂದುಕೊಂಡಷ್ಟಿಲ್ಲ. 2ಬಿ, 4ಬಿ, 6ಬಿ ಪೆನ್ಸಿಲ್, ಒಂದಿಷ್ಟು ಚಾರ್ಕೋಲ್ ಕಡ್ಡಿ, ಹನ್ನೆರಡು ಬಣ್ಣದ ಪೋಸ್ಟರ್ ಕಲರ್, ಒಂದು ಪ್ಲೈವುಡ್ ಹಲಗೆ, ಎರಡು ಕ್ಲಿಪ್ಪು. ದಿನದ ಅಭ್ಯಾಸಕ್ಕೆ ಕಾರ್ಟ್ರಿಡ್ಜ್ ಹಾಳೆ ಬೇಡ, ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಉಳಿಯುವ ನ್ಯೂಸ್‌ಪ್ರಿಂಟ್ ಕಿಲೋ ಲೆಕ್ಕದಲ್ಲಿ ಸಿಗುತ್ತದೆ. ಹಾಳೆ ದುಬಾರಿಯಾದಷ್ಟೂ ಕೈ ಹೆದರುತ್ತದೆ.

ಬರೆಯಲು ಏನಿದೆ ಊರಲ್ಲಿ ಅಂತ ಅವಳು ಕೇಳಿದರೆ ನಕ್ಕುಬಿಡಿ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ ಇದೆಯಲ್ಲ! ಒಂದು ಹಿಡಿ ಕಡ್ಡಿ ಮೆಣಸಿನಕಾಯಿ ತಂದು ಬಿಳಿ ಬಟ್ಟೆಯ ಮೇಲೆ ಹರವಿ, ಹತ್ತನ್ನು ಬೇರೆ ಬೇರೆ ಬರೆಯಲಿ. ಒಂದರ ಸುಕ್ಕು ಇನ್ನೊಂದಕ್ಕಿಲ್ಲ. ತೊಟ್ಟಿನ ಹತ್ತಿರ ಸುಕ್ಕು ಒತ್ತೊತ್ತಾಗಿರುತ್ತದೆ, ತುದಿಗೆ ಬರುವಾಗ ತಿರುಚಿಕೊಳ್ಳುತ್ತದೆ. ಕೆಂಪು ಒಂದೇ ಕೆಂಪಲ್ಲ: ಬೆಳಕು ಬಿದ್ದ ಕಡೆ ಕಿತ್ತಳೆಗೆ ಹೊರಳುತ್ತದೆ, ನೆರಳಿನ ಕಡೆ ಕಂದು, ನೇರಳೆ. ನೆರಳಿಗೆ ಕಪ್ಪು ಬಣ್ಣ ಬೆರೆಸುವ ಚಟವನ್ನು ಈ ಹತ್ತು ಮೆಣಸಿನಕಾಯಿ ಬಿಡಿಸುತ್ತವೆ. ಅಂಗಡಿಯ ತಕ್ಕಡಿ, ಬೆಲ್ಲದ ಪೆಂಟೆ, ಗಿರಾಕಿಗಳ ಕೈ, ಹಮಾಲರ ಬೆನ್ನು, ಎಲ್ಲ ಅಲ್ಲೇ ಇವೆ. ಭಾನುವಾರ ಹಾನಗಲ್ಲಿಗೆ ಹೋಗಿ ತಾರಕೇಶ್ವರನ ಗುಡಿಯ ಚಾವಣಿಯ ಕಮಲದ ಕೆಳಗೆ ಅಂಗಾತ ಮಲಗಿ ಬರೆಯಲಿ. ಬಂಕಾಪುರದ ನಗರೇಶ್ವರನ ಕಂಬಗಳನ್ನು ಬರೆಯಲಿ. ಸಾಲು ಕಂಬಗಳು ದೂರ ಹೋದಂತೆ ಹೇಗೆ ಕುಗ್ಗುತ್ತವೆ ಎಂದು ಪರ್ಸ್ಪೆಕ್ಟಿವ್ ಪಾಠ ಅಲ್ಲೇ ಆಗುತ್ತದೆ.

ಎರಡನೇ ಪಿಯುಸಿಯಲ್ಲಿ, ಡಿಸೈನ್ ಕಡೆ ಮನಸ್ಸು ಇದ್ದರೆ, ಚಳಿಗಾಲಕ್ಕೇ ಎಚ್ಚರವಾಗಿರಿ. ಯೂಸೀಡ್ ಸಾಮಾನ್ಯವಾಗಿ ಜನವರಿಯಲ್ಲಿ, ಎನ್‌ಐಡಿ ಮೊದಲ ಸುತ್ತೂ ಅದರ ಆಸುಪಾಸಿನಲ್ಲಿ ಬರುತ್ತದೆ. ಅರ್ಜಿ ಇನ್ನೂ ಮುಂಚೆ. ಬಿವಿಎ ಕಾಲೇಜುಗಳ ಪರೀಕ್ಷೆ ಸಾಮಾನ್ಯವಾಗಿ ಪಿಯು ಫಲಿತಾಂಶದ ನಂತರ. ನಿಮಗೆ ರೈಲಿನಲ್ಲಿ ಹತ್ತಿರ ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯ. ಮೈಸೂರಿನಲ್ಲಿ ಸರ್ಕಾರದ್ದೇ ಆದ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ನಾವೆಲ್ಲ ಕರೆಯುವುದು ‘ಕಾವಾ’ ಎಂದು. ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತಿನ ಕಾಲೇಜು, ಪರಿಷತ್ತು ಹುಟ್ಟಿದ್ದು 1960ರಲ್ಲಿ. ಕಲಬುರಗಿಯಲ್ಲೂ ಹಳೆಯ ಸಂಸ್ಥೆಗಳಿವೆ. ಸರ್ಕಾರಿ ಕಾಲೇಜಿಗೂ ಖಾಸಗಿಗೂ ಫೀಸಿನಲ್ಲಿ ಅಜಗಜಾಂತರ ಇರುವುದರಿಂದ ಈಗಿನಿಂದಲೇ ವಿಚಾರಿಸಿಡಿ. ಬೆಂಗಳೂರಿನ ಕೋಚಿಂಗ್ ಎಂದು ಲಕ್ಷದ ಮಾತಾಡುವವರು ಬಂದರೆ ಬಾಗಿಲಲ್ಲೇ ನಿಲ್ಲಿಸಿ. ಬಿವಿಎಗೆ ಅದು ಬೇಡ. ಡಿಸೈನ್ ಪರೀಕ್ಷೆಗಾದರೂ ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ ಬಿಡಿಸಿ ನೋಡಿದ ಮೇಲೆ ಬೇಕೋ ಬೇಡವೋ ಎಂದು ಅವಳೇ ಹೇಳಲಿ.

ಬಟ್ಟೆ ಇಲ್ಲದವರನ್ನು ಕೂರಿಸುವ ವಿಷಯ. ಇದನ್ನು ಕೇಳಲು ನಾಚಿಕೊಂಡು ಮಗಳನ್ನು ಕಳಿಸದೇ ಇದ್ದ ಮನೆಗಳು ನನಗೆ ಗೊತ್ತು, ನೀವು ಕೇಳಿದ್ದು ಒಳ್ಳೆಯದಾಯಿತು. ಕಲಾಶಾಲೆಯಲ್ಲಿ ಲೈಫ್ ಸ್ಟಡಿ ಎಂಬ ಪಾಠ ಇದೆ, ಎದುರಿಗೆ ಮನುಷ್ಯರನ್ನು ಕೂರಿಸಿ ಬರೆಯುವುದು. ನಾನು ಕಲಿಸಿದ ತರಗತಿಗಳಲ್ಲಿ ಕೂತವರು ಹೂ ಕಟ್ಟುವ ಅಜ್ಜಿ, ಕೆಲಸ ಇಲ್ಲದ ದಿನ ಬಂದ ಹಮಾಲ, ನಿವೃತ್ತ ಪೇದೆ. ಅಜ್ಜಿ ಸೆರಗು ಸರಿಮಾಡಿಕೊಂಡು ಕೂತು, ಅರ್ಧ ಗಂಟೆಗೊಮ್ಮೆ ಎದ್ದು ಎಲೆಅಡಿಕೆ ಹಾಕಿಕೊಂಡು, ಸಂಜೆ ದುಡ್ಡು ಎಣಿಸಿಕೊಂಡು ಹೋಗುತ್ತಿದ್ದರು. ಹೋಗುವ ಮುಂಚೆ ಒಂದೊಂದು ಹಾಳೆಯ ಹತ್ತಿರ ನಿಂತು ‘ಇದು ನಾನಲ್ಲ ತಗೋ’ ಅನ್ನುತ್ತಿದ್ದರು. ನಗ್ನ ಮಾದರಿಯ ಅಭ್ಯಾಸ ಯುರೋಪಿನ ಶಾಲೆಗಳ ಹಳೆಯ ಪದ್ಧತಿ. ಯಜಮಾನರಿಗೆ ಸಮಾಧಾನ ಆಗದಿದ್ದರೆ ಒಂದು ದಿನ ದಾವಣಗೆರೆಗೆ ಕರೆದುಕೊಂಡು ಹೋಗಿ, ಪ್ರಿನ್ಸಿಪಾಲರ ಅನುಮತಿ ಕೇಳಿ ತರಗತಿ ತೋರಿಸಿ. ನೂರು ಮಾತಿಗಿಂತ ಅದು ವಾಸಿ.

ಉಳಿದದ್ದು ಹೊಟ್ಟೆಪಾಡು. ಇಲ್ಲಿ ನಾನು ಸಿಹಿ ಮಾತಾಡುವುದಿಲ್ಲ. ಬರೀ ಕ್ಯಾನ್ವಾಸ್ ಮಾರಿ ಸಂಸಾರ ನಡೆಸುವವರು ಬೆರಳೆಣಿಕೆ. ನನ್ನ ವಿದ್ಯಾರ್ಥಿಗಳಲ್ಲಿ ಬಹುಪಾಲು ಬೆರಕೆ ಬದುಕು: ಬೆಳಗ್ಗೆ ಖಾಸಗಿ ಶಾಲೆಯಲ್ಲಿ ಕಲಾ ಶಿಕ್ಷಕಿ, ಸಂಜೆ ಪಠ್ಯಪುಸ್ತಕಕ್ಕೆ ಚಿತ್ರ, ರಜೆಯಲ್ಲಿ ಗೋಡೆಚಿತ್ರ. ಬೇಗ ಸಂಬಳ ಕಾಣುವವರು ಅಪ್ಲೈಡ್ ಆರ್ಟ್, ಅಂದರೆ ಜಾಹೀರಾತಿನಂಥ ಕೆಲಸಕ್ಕೆ ಬೇಕಾದ ಕಲೆ, ಇಲ್ಲವೇ ಅನಿಮೇಷನ್ ಓದಿದವರು. ಪೇಂಟಿಂಗ್, ಶಿಲ್ಪದವರಿಗೆ ಮೊದಲ ಮೂರ್ನಾಲ್ಕು ವರ್ಷ ಕಷ್ಟ, ಮನೆಯವರ ಆಸರೆ ಬೇಕಾಗುತ್ತದೆ. ಸರ್ಕಾರಿ ಶಾಲೆಯ ಚಿತ್ರಕಲಾ ಶಿಕ್ಷಕರ ಹುದ್ದೆ ನಂಬಿ ಕೂರಬೇಡಿ, ನೇಮಕಾತಿ ಯಾವ ವರ್ಷ ಬರುತ್ತದೋ ಯಾರೂ ಹೇಳಲಾರರು. ಹೆಚ್ಚು ಜನಕ್ಕೆ ಗೊತ್ತಿಲ್ಲದ ಕೆಲಸಗಳೂ ಇವೆ. ಹಳೆಯ ಚಿತ್ರ, ಹಸ್ತಪ್ರತಿಗಳನ್ನು ರಿಪೇರಿ ಮಾಡಿ ಉಳಿಸುವ ಸಂರಕ್ಷಣೆ ಅದರಲ್ಲೊಂದು. ಚಿತ್ರಕಲಾ ಪರಿಷತ್ತಿನ ಆವರಣದಲ್ಲೇ ಇಂಟ್ಯಾಕ್ ಎಂಬ ಪರಂಪರೆ ಉಳಿಸುವ ಸಂಸ್ಥೆಯ ಸಂರಕ್ಷಣಾ ಕೇಂದ್ರ ಇದೆ. ಕೈ ನಡುಗದ, ತಾಳ್ಮೆ ಇರುವ ಹುಡುಗಿಯರಿಗೆ ಹೇಳಿ ಮಾಡಿಸಿದ ಕೆಲಸ.

ಎಐ ವಿಷಯದಲ್ಲಿ ನಿಮ್ಮ ಮೈದುನ ಅರ್ಧ ಸರಿ. ಮದುವೆ ಕಾರ್ಡು, ಫ್ಲೆಕ್ಸು, ಅಗ್ಗದ ಕಥೆಗೊಂದು ಚಿತ್ರ, ಇಂಥ ಸಣ್ಣ ಕೆಲಸಗಳ ದುಡ್ಡು ಈಗಾಗಲೇ ಇಳಿದಿದೆ, ಹೊಸಬರು ಕೈ ಪಳಗಿಸಿಕೊಳ್ಳುತ್ತಿದ್ದದ್ದೇ ಅಲ್ಲಿ. ಅದು ನಿಜವಾದ ನಷ್ಟ. ಆದರೆ ನಿಮ್ಮ ಮಗಳು ದುಡಿಯಲು ಇಳಿಯುವುದು ಎರಡು ವರ್ಷದ ಪಿಯುಸಿ, ನಾಲ್ಕು ವರ್ಷದ ಪದವಿ ಮುಗಿಸಿ, ಆರು ವರ್ಷದ ಮೇಲೆ. ಆಗ ಯಾರ ಕೆಲಸ ಇರುತ್ತದೆ ಎಂದು ಸಾಫ್ಟ್‌ವೇರಿನವರು ತಮ್ಮ ವಿಷಯದಲ್ಲೇ ಧೈರ್ಯವಾಗಿ ಹೇಳುತ್ತಿಲ್ಲವಲ್ಲ. ಯಂತ್ರ ಕೊಟ್ಟ ಹತ್ತು ಚಿತ್ರದಲ್ಲಿ ಚೊಂಬಿನ ತಳ ಎಲ್ಲಿ ತಪ್ಪಿದೆ ಎಂದು ಹೇಳುವುದಕ್ಕೂ ಬರೆದು ಬಲ್ಲ ಕಣ್ಣು ಬೇಕು ಎಂಬುದಷ್ಟನ್ನು ನಾನು ಹೇಳಬಲ್ಲೆ.

ಯಜಮಾನರನ್ನು ಒಮ್ಮೆ ಚಿತ್ರಸಂತೆಗೆ ಕರೆದುಕೊಂಡು ಹೋಗಿ. ಸಾಮಾನ್ಯವಾಗಿ ಜನವರಿಯ ಒಂದು ಭಾನುವಾರ, ಬೆಂಗಳೂರಿನ ಕುಮಾರಕೃಪಾ ರಸ್ತೆ. ವ್ಯಾಪಾರಸ್ಥರು ಅವರು, ಯಾವುದು ಖರ್ಚಾಗುತ್ತದೆ, ಯಾವುದು ಮಧ್ಯಾಹ್ನದ ತನಕವೂ ಹಾಗೇ ಕೂತಿರುತ್ತದೆ, ಯಾರು ಚೌಕಾಸಿಗೆ ಬಗ್ಗುತ್ತಾರೆ ಎಂದು ನಮಗಿಂತ ಚೆನ್ನಾಗಿ ಅವರಿಗೇ ತಿಳಿಯುತ್ತದೆ. ತಾವೇ ಕಂಡದ್ದನ್ನು ನಂಬುತ್ತಾರೆ. ಅವರಿಗೆ ಇಷ್ಟವಾಗದೆಯೂ ಇರಬಹುದು, ಆದರೆ ಆಮೇಲೆ ಮನೆಯಲ್ಲಿ ನಡೆಯುವ ಜಗಳವಾದರೂ ನಿಜವಾದ ವಿಷಯದ ಮೇಲೆ ನಡೆಯುತ್ತದೆ.

ಕೊನೆಯದಾಗಿ, ಆ ಲೆಕ್ಕದ ಪುಸ್ತಕಗಳು. ದೀಪಾವಳಿಗೆ ಅಂಗಡಿ ಸ್ವಚ್ಛ ಮಾಡುವಾಗ ಅವನ್ನು ರದ್ದಿಗೆ ಹಾಕಬೇಡಿ. ಒಂದು ಕಡೆ ಬೇಳೆ, ಸಕ್ಕರೆ, ಉದ್ರಿ ಲೆಕ್ಕ, ಇನ್ನೊಂದು ಕಡೆ ಅವಳ ಚಿತ್ರ. ಲೆಕ್ಕದ ಜೊತೆಗೆ ತಾರೀಖೂ ಇರುತ್ತದೆ. ಎರಡು ವರ್ಷ ಬಿಟ್ಟು ಸಂದರ್ಶನಕ್ಕೆ ಹೋಗುವಾಗ ಫೈಲಿನ ಜೊತೆಗೆ ಅವುಗಳಲ್ಲೂ ಒಂದನ್ನು ಒಯ್ಯಲಿ. ಮೇಜಿನ ಆಚೆ ಕೂತವರು ಮೊದಲು ಕೈ ಹಾಕುವುದು ಅದಕ್ಕೇ.